ಸಾಸಿವೆ ಡಬ್ಬಿಯೊಳಗೆ ಮೂರು ಸರ್ಕಾರ

ರಾಯಚೂರು ಜಿಲ್ಲೆಯಿಂದ ಹೋಗಿ ಅಮೆರಿಕದಲ್ಲಿ ಮನೆ ಮಾಡಿದವರಿಗೆ ಐವತ್ತು ದಾಟಿದ ಮೇಲೆ ಎರಡು ರೋಗ ಖಾತ್ರಿ. ಒಂದು ಸಕ್ಕರೆ, ಇನ್ನೊಂದು ಹಳೇ ಸಾಮಾನಿನ ಹುಚ್ಚು. ಮೊದಲನೆಯದಕ್ಕೆ ಅಲ್ಲೇ ಗುಳಿಗೆ ಸಿಗುತ್ತದೆ. ಎರಡನೆಯದಕ್ಕೆ ಹೈದರಾಬಾದಿನಲ್ಲಿ ವಿಮಾನ ಇಳಿದು, ಶಕ್ತಿನಗರದ ಹತ್ತಿರ ಕೃಷ್ಣೆ ದಾಟಿ, ರಾಯಚೂರಿನಲ್ಲಿ ಒಂದು ಪ್ಲೇಟು ಮಿರ್ಚಿ ಭಜಿ ಮುಗಿಸಿ, ಮಾನ್ವಿಯ ಅಟ್ಟವನ್ನೇ ಹತ್ತಬೇಕು.

ರೋಗ ಅಂಟಿಸಿದ್ದು ಟಿವಿ. ಅಲ್ಲಿ ‘ಆಂಟಿಕ್ಸ್ ರೋಡ್‌ಶೋ’ ಅಂತ ಒಂದು ಕಾರ್ಯಕ್ರಮ 1997ರಿಂದ ನಡೆದಿದೆ. ಜನ ಮನೆಯ ಹಳೇ ತಟ್ಟೆ, ಗಡಿಯಾರ, ಕುರ್ಚಿ ಹೊತ್ತು ತರುತ್ತಾರೆ. ತಜ್ಞರು ಹಿಂದೆ ಮುಂದೆ ತಿರುಗಿಸಿ ಬೆಲೆ ಹೇಳುತ್ತಾರೆ. 2001ರಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಒಬ್ಬ ಯಜಮಾನ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದ ಕಂಬಳಿ ತಂದ. 19ನೇ ಶತಮಾನದ ನವಾಹೋ ನೇಯ್ಗೆ, ಮೂರೂವರೆಯಿಂದ ಐದು ಲಕ್ಷ ಡಾಲರ್ ಅಂದರು. ಯಜಮಾನ ಕಣ್ಣೊರೆಸಿಕೊಂಡ. ಇತ್ತ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ನಾನೂ ಒರೆಸಿಕೊಂಡೆ. ನಮ್ಮಲ್ಲೂ ಒಂದು ಕಂಬಳಿ ಇತ್ತಲ್ಲ! ತಡಮಾಡದೆ ಮಾನ್ವಿಗೆ ಫೋನು.

“ಚಿಕ್ಕಮ್ಮ, ಅಜ್ಜನ ಕರಿ ಕಂಬಳಿ ಎಲ್ಲದ?”

“ಎಮ್ಮಿ ಕರಕ್ಕ ಹಾಸೀನಪ್ಪ. ಯಾಕ, ಅಲ್ಲಿ ಭಾಳ ಥಂಡಿ ಅದ ಏನು?”

ನಮ್ಮ ಕಡೆಯ ಹಿರಿಯರು ಬೆಲೆಯುಳ್ಳದ್ದನ್ನು ತಿಜೋರಿಯಲ್ಲಿ ಇಡುತ್ತಿರಲಿಲ್ಲ. ತಿಜೋರಿ ಎಂದರೆ ಕಳ್ಳನಿಗೆ ಬರೆದ ಲಗ್ನಪತ್ರಿಕೆ. ಜೋಳದ ಗುಮ್ಮಿ, ಹುಣಸೆಹಣ್ಣಿನ ಗಡಿಗೆ, ದೇವರ ಜಗುಲಿಯ ಹಿಂಬದಿ, ಸಾಸಿವೆ ಡಬ್ಬಿ: ಇವೇ ಬ್ಯಾಂಕುಗಳು. ತೊಂದರೆ ಒಂದೇ. ಇಟ್ಟವರು ಯಾರಿಗೂ ಹೇಳದೆ ವೈಕುಂಠಕ್ಕೆ ಹೋಗಿಬಿಡುತ್ತಿದ್ದರು. ಹಾಗೆ ಅಜ್ಜಿ ಬಿಟ್ಟುಹೋದ ಸಾಸಿವೆ ಡಬ್ಬಿಯನ್ನು ಪೇಪರಿನ ಮೇಲೆ ಬೋರಲು ಹಾಕಿದರೆ, ಒಂದರ ಹಿಂದೊಂದು ಮೂರು ಸರ್ಕಾರ ಉದುರಿದವು.

ತಳದಲ್ಲಿ ಕೂತಿದ್ದವರು ನಿಜಾಮರು. 1948ರ ಸೆಪ್ಟೆಂಬರ್‌ವರೆಗೆ ರಾಯಚೂರು, ಮಾನ್ವಿ, ದೇವದುರ್ಗ ಎಲ್ಲ ಅವರದೇ. ಬೆಳ್ಳಿ ರೂಪಾಯಿಯ ಮೇಲೆ ಚಾರ್‌ಮಿನಾರ್. ಅದರ ಬಾಗಿಲಲ್ಲಿ, ಭೂತಕನ್ನಡಿ ಹಿಡಿದರೆ ಕಾಣುವಂತೆ, ಉಸ್ಮಾನ್ ಅಲಿ ಖಾನರ ಹೆಸರಿನ ಮೊದಲ ಉರ್ದು ಅಕ್ಷರ. ಅದರ ಹೊಟ್ಟೆಗೆ ಎರಡು ಸಾಸಿವೆ ಕಾಳು ಸಿಕ್ಕಿಕೊಂಡಿದ್ದವು. ಇದು ‘ಹಾಲಿ’ ರೂಪಾಯಿ. ಬ್ರಿಟಿಷರದು ‘ಕಲ್ದಾರ’. ಏಳು ಹಾಲಿ ಕೊಟ್ಟರೆ ಆರು ಕಲ್ದಾರ. ಹೀಗಾಗಿ ಲಗ್ನದ ಮಾತುಕತೆಯಲ್ಲಿ ‘ಸಾವಿರ’ ಅಂದರೆ ಸಾಲುತ್ತಿರಲಿಲ್ಲ, ಯಾವ ಸಾವಿರ ಅನ್ನಬೇಕಿತ್ತು. ಹೆಣ್ಣಿನವರು ಹಾಲಿ ಎಂದು ಹೇಳುತ್ತಿದ್ದರು, ಗಂಡಿನವರು ಕಲ್ದಾರ ಎಂದು ಕೇಳಿಸಿಕೊಳ್ಳುತ್ತಿದ್ದರು. ಹಾಲಿ ರೂಪಾಯಿ 1959ರಲ್ಲಿ ಚಲಾವಣೆಯಿಂದ ಹೋಯಿತು. ಅದರ ಮುನಿಸು ದೇವದುರ್ಗದ ನನ್ನ ಹೆಂಡತಿಯ ತವರಿನಲ್ಲಿ ಇನ್ನೂ ಚಲಾವಣೆಯಲ್ಲಿದೆ.

ನಡುವಿನ ಪದರದಲ್ಲಿ ಬ್ರಿಟಿಷರು: 1943ರಿಂದ 47ರವರೆಗೆ ಬಂದ ತೂತಿನ ಕಾಸುಗಳು. ಯುದ್ಧಕಾಲದಲ್ಲಿ ಲೋಹ ಉಳಿಸಲು ನಾಣ್ಯದ ನಡುವನ್ನೇ ತೆಗೆದಿದ್ದರು. ಡಬ್ಬಿಯಲ್ಲಿ ಸಿಕ್ಕವು ಕೆಲವು; ಒಂದು ಮಾತ್ರ ಕೊಟ್ಟಿಗೆ ಬಾಗಿಲ ಬೋಲ್ಟಿಗೆ ವಾಷರ್ ಆಗಿ ಇವತ್ತಿಗೂ ಡ್ಯೂಟಿಯಲ್ಲಿದೆ. ರಿಟೈರ್ ಆಗದೆ ಉಳಿದ ಬ್ರಿಟಿಷ್ ನೌಕರ ಅವನೊಬ್ಬನೇ.

ಮೇಲಿನ ಪದರ ನಮ್ಮದೇ ಸರ್ಕಾರ. ಸುರುಳಿ ಸುತ್ತಿದ ಹದಿನಾಲ್ಕು ಹಳೇ ಐನೂರರ ನೋಟು. 2016ರ ನವೆಂಬರ್ 8ರ ರಾತ್ರಿ ಟಿವಿಯಲ್ಲಿ ಹೇಳಿದ್ದು ಸಾಸಿವೆ ಡಬ್ಬಿಯವರೆಗೆ ತಲುಪಿರಲಿಲ್ಲ. ಅನಿವಾಸಿಗಳು ಬದಲಿಸಿಕೊಳ್ಳಲು 2017ರ ಜೂನ್ 30ರವರೆಗೆ ಅವಕಾಶವಿತ್ತು. ಡಬ್ಬಿ ಬಾಯಿ ಬಿಟ್ಟಿದ್ದು ಅದಾದ ಮೇಲೆ. ಅಷ್ಟರಲ್ಲಿ ಹೊಸ ಕಾಯ್ದೆ ಬಂದಿತ್ತು: ಇಂಥ ನೋಟು ಹತ್ತಕ್ಕಿಂತ ಹೆಚ್ಚಿದ್ದರೆ ಅಪರಾಧ; ಅಧ್ಯಯನ, ಸಂಶೋಧನೆ, ನಾಣ್ಯಶಾಸ್ತ್ರಕ್ಕಾದರೆ ಇಪ್ಪತ್ತೈದರವರೆಗೆ ನಡೆಯುತ್ತದೆ. ದೇವದುರ್ಗದಲ್ಲಿ ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ನಮ್ಮ ಚಿಕ್ಕಮ್ಮ ಅಂದಿನಿಂದ ಸಂಶೋಧಕಿ.

ಪೇಪರಿನ ಮೇಲೆ ಹರಡಿದ ಸಂಪತ್ತಿನ ಫೋಟೋ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಿದ್ದೇ ತಡ, ವರ್ಷಗಟ್ಟಲೆ ಬಾಯಿ ಬಿಡದ ಸೋದರ ಸಂಬಂಧಿಗಳೆಲ್ಲ ಅಜ್ಜಿಯನ್ನು ನೆನೆದು ಗಳಗಳ ಅತ್ತರು, ಅಳುತ್ತಲೇ ತಮ್ಮ ಪಾಲೆಷ್ಟು ಅಂತ ಕೇಳಿದರು. ಟ್ರ್ಯಾಕ್ಟರ್ ಚಿತ್ರದ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಸಿಗುತ್ತದಂತೆ ಎಂದು ಡಲ್ಲಾಸ್‌ನವನು ವಿಡಿಯೋ ಹಾಕಿದ. ಮೊದಲು ಕಮಿಷನ್ ಕಟ್ಟಿ, ಆಮೇಲೆ ಲಕ್ಷ ತಗೊಳ್ಳಿ ಎನ್ನುವವರ ಬಗ್ಗೆ ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ ಎಂದು ನಾನು ಬರೆದೆ. “ಇವನೇ ನುಂಗಬೇಕಂತ ಮಾಡ್ಯಾನ” ಎಂದು ಸಿಂಗಪುರದಿಂದ ತೀರ್ಪು ಬಂತು.

ನುಂಗಿದರೂ ಒಯ್ಯುವುದು ಹೇಗೆ? 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ತುಂಬಿದ ನಾಣ್ಯ ಕಿಸೆಯಲ್ಲಿ ಕೂತು ದೇಶ ಬಿಡುವಂತಿಲ್ಲ. ಬೆಲೆಯುಳ್ಳ ಹಸ್ತಪ್ರತಿಗಾದರೆ ಎಪ್ಪತ್ತೈದು ತುಂಬಿದರೂ ಸಾಕು. ಮಾನ್ವಿ ಹೇಳಿಕೇಳಿ ಜಗನ್ನಾಥದಾಸರ ಊರು. ಅಟ್ಟದ ಮೇಲೆ ಮಡಿಬಟ್ಟೆಯಲ್ಲಿ ಕಟ್ಟಿಟ್ಟ ಹಾಡಿನ ವಹಿ ಇಂದಿಗೂ ಕೆಲವು ಮನೆಗಳಲ್ಲಿದೆ. ನಾಣ್ಯಕ್ಕೆ ತಡೆ, ವಹಿಗೆ ತಡೆ. ಎಂಜಿನಿಯರಿಂಗ್ ಮುಗಿಸಿದ ಮಗನನ್ನು ಮಾತ್ರ ಯಾವ ಲೈಸೆನ್ಸೂ ಇಲ್ಲದೆ ರಫ್ತು ಮಾಡಬಹುದು.

ಚಿನ್ನ ಹುಡುಕಿದವರಿಗೆ ಚಿನ್ನವೇ ಸಿಗಬೇಕೆಂಬ ನಿಯಮ ನಮ್ಮ ಜಿಲ್ಲೆಯಲ್ಲಿ ಇಲ್ಲ. 1915ರಲ್ಲಿ ಮಸ್ಕಿಯ ಗುಡ್ಡದಲ್ಲಿ ಚಿನ್ನದ ಜಾಡು ಹಿಡಿದು ಹೊರಟ ಗಣಿ ಎಂಜಿನಿಯರ್ ಬೀಡನ್‌ಗೆ ಸಿಕ್ಕಿದ್ದು ಶಾಸನ. ಅದರಲ್ಲಿ ‘ದೇವಾನಾಂಪ್ರಿಯ’ನ ಪಕ್ಕದಲ್ಲೇ ಅಶೋಕನ ಹೆಸರು. ನಾನು ಚಿಕ್ಕಮ್ಮನ ಅಲ್ಮಾರಿಯ ಹಿಂದಿನ ಖಾನೆಗೆ ಕೈ ಹಾಕಿದರೆ ಸಿಕ್ಕಿದ್ದು ನನ್ನದೇ ಯುಗದ ಅವಶೇಷ. ಸೀಲು ಒಡೆಯದ ಸೆಂಟಿನ ಬಾಟಲಿ, ಹೋಟೆಲಿನ ಸಣ್ಣ ಸೋಪುಗಳು, ವಿಮಾನದ ಹೊದಿಕೆ, ತೊಳೆದು ಒಣಗಿಸಿ ಮಡಚಿಟ್ಟ ಜಿಪ್‌ಲಾಕ್ ಚೀಲಗಳು. ನೀಲಿ ಬಿಸ್ಕತ್ತಿನ ಡಬ್ಬಿಯಲ್ಲಿ ಮಾತ್ರ ಸೂಜಿ ದಾರ.

“ಇದನ್ನೆಲ್ಲಾ ಯಾಕ ಬಳಸಿಲ್ಲ?”

“ಫಾರಿನ್ ಸಾಮಾನು. ತೆಗದ್ರ ಬೆಲಿ ಹೋಗ್ತದ.”

ನಗುವ ಹಾಗಿರಲಿಲ್ಲ. ಕಾಯ್ದೆಯ ಕಣ್ಣಿಗೆ ಇನ್ನೂ ಎಳೆಯದೆನಿಸಿದ ಅವಳ ತಾಮ್ರದ ಕೊಡ ಎಡಿಸನ್‌ನ ನಮ್ಮ ಮನೆ ಬಾಗಿಲಲ್ಲಿ ಛತ್ರಿ ಹಿಡಿದು ನಿಂತಿದೆ. ಅವಳ ಶಾವಿಗೆ ಒತ್ತಿನ ಮೇಲೆ ಸ್ಪಾಟ್‌ಲೈಟ್ ಬಿಟ್ಟಿದ್ದೇವೆ. ಶಾವಿಗೆ ಪಟೇಲ್ ಅಂಗಡಿಯಿಂದ ಬರುತ್ತದೆ. ನಾವು ಬಿಸಾಕಿದ್ದು ಅವಳಿಗೆ ನಿಧಿ, ಅವಳು ಬಿಸಾಕಿದ್ದು ನಮಗೆ ನಿಧಿ. ಸಾಮಾನಿಗಷ್ಟೇ ಅಲ್ಲ, ಮನುಷ್ಯರಿಗೂ ಇದೇ ಲೆಕ್ಕ. ರಾಯಚೂರಿನ ತೀನ್ ಕಂದೀಲ್‌ನಲ್ಲಿ ಚಹಾ ಕುಡಿಯುತ್ತ ಅಡ್ಡಾಡುತ್ತಿದ್ದ ಕಾಲಕ್ಕೆ ಯಾರೂ ಕರೆದು ಮಾತಾಡಿಸದ ನನ್ನನ್ನು ಈಗ ಶಾಲೆಯ ವಾರ್ಷಿಕೋತ್ಸವಕ್ಕೆ ಕರೆದು ಶಾಲು ಹೊದಿಸುತ್ತಾರೆ. ಬಳಕೆ ತಪ್ಪಿದ್ದಕ್ಕೇ ಬೆಲೆ.

ಈ ತತ್ವಜ್ಞಾನ ನಡೆದಿದ್ದಾಗಲೇ ಹೊರಗೆ “ಪಾತ್ರೀ, ಸ್ಟೀಲ್ ಪಾತ್ರೀ” ಎಂಬ ಕೂಗು. ಕೆಳಗಿಳಿಯುವಷ್ಟರಲ್ಲಿ ವ್ಯಾಪಾರ ಮುಗಿದಿತ್ತು. ಅಜ್ಜಿಯ ಲಗ್ನದ ಸೀರೆ ಪಾತ್ರೆಯವಳ ಗಂಟಿನಲ್ಲಿ, ಒಂದು ಸ್ಟೀಲ್ ಬಕೀಟು ಚಿಕ್ಕಮ್ಮನ ಕೈಯಲ್ಲಿ. ಹಳೇ ಜರಿ ಎಂದರೆ ಬೆಳ್ಳಿಯ ಎಳೆ. ಅದು ನನಗೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಪಾತ್ರೆಯವಳಿಗೆ ಗೊತ್ತು. ಬರಿಗಾಲಲ್ಲಿ ಓಡಿ ಓಣಿಯ ತಿರುವಿನಲ್ಲಿ ಹಿಡಿದೆ. ಕಿಸೆಯಿಂದ ನೂರು ಡಾಲರಿನ ನೋಟು ತೆಗೆದು ಚಾಚಿದೆ. ಆಕೆ ಅದನ್ನು ಬಿಸಿಲಿಗೆ ಹಿಡಿದಳು, ಹಿಂದೆ ಮುಂದೆ ತಿರುಗಿಸಿದಳು, ಥೇಟ್ ಟಿವಿಯ ತಜ್ಞರ ಹಾಗೆ. ಆಮೇಲೆ ವಾಪಸು ಕೊಟ್ಟು ಗಂಟು ತಲೆಗೇರಿಸಿದಳು.

“ಕಾಗದ ಬ್ಯಾಡ್ರಿ ಸಾಹೇಬ್ರ. ಯಾವಾಗ ಬಂದ್ ಆಗ್ತದೋ ಏನೋ. ಮನ್ಯಾಗ ಇನ್ನೊಂದು ಜರಿ ಸೀರಿ ಇದ್ರ ನೋಡ್ರಿ, ಬಕೀಟಿನ ಜೋಡಿ ಮುಚ್ಚಳಾನೂ ಕೊಡ್ತೀನಿ.”