ಪರಿಶೀಲನೆಯಲ್ಲಿದೆ

(ದೆಹಲಿ, ಜನಕಪುರಿಯ ಸಿ ಬ್ಲಾಕ್. ಅಪ್ಪ, ರಿಟೈರ್ಡ್ ಅಂಡರ್ ಸೆಕ್ರೆಟರಿ. ಮಗನ ಕೈಯಲ್ಲಿ ಕೆನಡಾದಿಂದ ಬಂದ ತಿರಸ್ಕಾರ ಪತ್ರ.)

ಅಪ್ಪ: ಅಪೀಲ್ ಹಾಕು. ಸರ್ಕಾರ ಅಂದ್ಮೇಲೆ ಮೇಲೊಬ್ಬ ಇರ್ಲೇಬೇಕು.

ಮಗ: ಸ್ಕಿಲ್ಡ್ ವೀಸಾಕ್ಕೆ ಅಪೀಲೇ ಇಲ್ಲಪ್ಪ. ಫೆಡರಲ್ ಕೋರ್ಟಿಗೆ ಹೋಗ್ಬೇಕು, 60 ದಿನದೊಳಗೆ. ಅದೂ ಮೊದಲು ಕೇಸು ಹಾಕೋಕೆ ಅನುಮತಿ ಕೇಳ್ಬೇಕು.

ಅಪ್ಪ: ಗೆದ್ರೆ ವೀಸಾ ತಾನೇ?

ಮಗ: ಅಲ್ಲ. ಫೈಲು ಇನ್ನೊಬ್ಬ ಆಫೀಸರ್ ಟೇಬಲ್ಲಿಗೆ.

ಅಪ್ಪ: (ಕಣ್ಣರಳಿಸಿ) ಅರೆ, ನಮ್ಮ ಮಿನಿಸ್ಟ್ರಿ ಪದ್ಧತೀನೇ! ಖರ್ಚು?

ಮಗ: ಕೋರ್ಟಿಗೆ 50 ಡಾಲರ್. ವಕೀಲರಿಗೆ ನಿಮ್ಮ ಗ್ರಾಚ್ಯುಯಿಟಿ.

ಅಪ್ಪ: ತಪ್ಪೇನಂತೆ?

ಮಗ: ಕಂಪನಿ ಪತ್ರದಲ್ಲಿ ನಾನು ಮಾಡ್ತಿದ್ದ ಕೆಲಸದ ವಿವರ ಇಲ್ಲ. 'ಸನ್ನಡತೆಯವರು' ಅಂತ ಮಾತ್ರ ಇದೆ.

ಅಪ್ಪ: ಸರ್ವೀಸ್ ಪೂರ್ತಿ ನಾನು ಬರ್ಕೊಟ್ಟಿದ್ದೂ ಅಷ್ಟೇ. ಕೆಲಸ ಏನು ಅಂತ ಒಬ್ಬ ಕೇಳ್ಲಿಲ್ಲ! ಹೊಸ ಅರ್ಜಿ ಹಾಕು.

ಮಗ: 29 ದಾಟಿದ್ಮೇಲೆ ಹುಟ್ಟುಹಬ್ಬಕ್ಕೊಮ್ಮೆ ವಯಸ್ಸಿಗೆ ಕೊಡೋ ಅಂಕ ಇಳಿಯುತ್ತೆ. ನನಗೀಗ 33.

ಅಪ್ಪ: ಡಿಸ್ಟ್ರಿಕ್ಟ್ ಸೆಂಟರಿನ ಆ ವೀಸಾ ಏಜೆಂಟ್ ಏನಂತಾನೆ?

ಮಗ: ಆಸ್ಟ್ರೇಲಿಯಾ ಅಂತಾನೆ.

ಅಮ್ಮ: (ಅಡುಗೆಮನೆಯಿಂದ) ರೀ, ನಾಳೆ ಹೆಣ್ಣಿನ ಕಡೆಯವರು ಬರ್ತಾರೆ. ಕೆನಡಾ ಏನಾಯ್ತು ಅಂದ್ರೆ?

ಅಪ್ಪ: ವಿಷಯ ಪರಿಶೀಲನೆಯಲ್ಲಿದೆ ಅನ್ನು.