ಮೊಣಕಾಲ ಕೆಳಗಿನ ಬುದ್ಧಿ

ಉದ್ದ ಇರೋರ ಬುದ್ಧಿ ಮೊಣಕಾಲ ಕೆಳಗೆ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಆಗ ಸಿಟ್ಟು ಬರುತ್ತಿತ್ತು. ನೈರೋಬಿಗೆ ಬಂದು ಟೆಂಟು ಕೊಳ್ಳಲು ಹೊರಟ ಮೇಲೆ ಸಿಟ್ಟು ಹೋಗಿ ಚಿಂತೆ ಶುರುವಾಗಿದೆ. ನಾನು ಆರಡಿ ನಾಲ್ಕಿಂಚು. ಒಬ್ಬರ ಟೆಂಟು ಅಂತ ಮಾರುವ ಯಾವುದರೊಳಗೆ ಮಲಗಿದರೂ ಹೊರಗುಳಿಯುವುದು ಮೊಣಕಾಲ ಕೆಳಗಿನ ಭಾಗವೇ. ಅಜ್ಜಿಯ ಲೆಕ್ಕ ಹಿಡಿದರೆ, ಮೌಂಟ್ ಕೆನ್ಯಾದ ಮೇಲೆ ನಾನು ಬೆಚ್ಚಗೆ ಮಲಗಿರುವಾಗ ನನ್ನ ಬುದ್ಧಿ ರಾತ್ರಿಯೆಲ್ಲ ಇಬ್ಬನಿಯಲ್ಲಿ ನೆನೆಯುತ್ತಿರುತ್ತದೆ.

ಈ ಊರಲ್ಲಿ ಬೆಟ್ಟದ ಹುಚ್ಚು ಹತ್ತದೆ ಇರುವುದು ಕಷ್ಟ. ಶನಿವಾರ ಬಂದರೆ ಆಫೀಸಿನ ಅರ್ಧ ಜನ ಎನ್‌ಗಾಂಗ್ ಗುಡ್ಡದಲ್ಲಿ, ಇನ್ನರ್ಧ 2,776 ಮೀಟರಿನ ಲೊಂಗೊನಾಟ್ ಜ್ವಾಲಾಮುಖಿಯ ಅಂಚಿನಲ್ಲಿ. ಸಮಭಾಜಕ ವೃತ್ತದ ಪಕ್ಕದ ಊರು, ಸೆಕೆ ಇರುತ್ತದೆಂದು ಹತ್ತಿ ಅಂಗಿಗಳನ್ನೇ ತುಂಬಿಕೊಂಡು ಬಂದವನು ನಾನು. ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಮೇಲೆ ಕೂತಿರುವ ನೈರೋಬಿ, ಮೊದಲ ಜುಲೈನಲ್ಲೇ ಸ್ವೆಟರ್ ಹಾಕಿಸಿತು.

ಗೆಳೆಯನೊಬ್ಬನ ಟೆಂಟು ಎರವಲು ತಂದು ನೈವಾಶಾ ಸರೋವರದ ದಡದಲ್ಲಿ ಒಂದು ರಾತ್ರಿ ಕಳೆದೆ. ಕಾಲು ಚಾಚಿದರೆ ಬಟ್ಟೆಯ ಗೋಡೆಗೆ ತಾಗುತ್ತದೆ. ನಾವು ಬಿಟ್ಟ ಉಸಿರೇ ಅಲ್ಲಿ ಹನಿಗಟ್ಟಿ ಕೂತಿರುತ್ತದಾದ್ದರಿಂದ ತಾಗಿದ ಕಡೆಯೆಲ್ಲ ಸ್ಲೀಪಿಂಗ್ ಬ್ಯಾಗು ಒದ್ದೆ. ಕಾಲು ಹೊರಗೆ ಹಾಕೋಣವೆಂದರೆ ಕತ್ತಲಾದ ಮೇಲೆ ನೀರಾನೆಗಳು ಹುಲ್ಲು ಮೇಯಲು ದಡಕ್ಕೆ ಬರುತ್ತವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು ಐದಡಿ ಮೂರಿಂಚಿನವರೇ ಇರಬೇಕು. ಬೆಳಗಿನ ತನಕ ಒತ್ತಕ್ಷರದಂತೆ ಮುದುಡಿ ಮಲಗಿದೆ.

ಮಾರನೆಯ ವಾರ ಅಂಗಡಿಗೆ ಹೋದೆ. ಚೀಟಿಯ ಮೇಲೆ ಉದ್ದ 215 ಸೆಂಟಿಮೀಟರ್ ಅಂತಿತ್ತು. ನಾನು 193. ಕಳೆದರೆ 22 ಉಳಿಯಿತಲ್ಲ ಎಂದು ಹಿಗ್ಗಿದೆ. ಆದರೆ ಮನುಷ್ಯ ಮಲಗಿದಾಗ ನಿಂತಷ್ಟೇ ಉದ್ದ ಇರುವುದಿಲ್ಲ. ನಿದ್ದೆಯಲ್ಲಿ ಪಾದ ಮುಂದಕ್ಕೆ ಚಾಚಿಕೊಳ್ಳುತ್ತದೆ, ಬೆರಳುಗಳು ಭರತನಾಟ್ಯಕ್ಕೆ ಹೊರಡುತ್ತವೆ. ಜೊತೆಗೆ ತಲೆಯ ಹಿಂದೆ ದಿಂಬು, ಕಾಲ ಕೆಳಗೆ ಬ್ಯಾಗಿನ ದಪ್ಪ. ಇದಕ್ಕಿಂತ ದೊಡ್ಡ ಮೋಸ ಗೋಡೆಯದು. ಟೆಂಟಿನ ಗೋಡೆ ಇಳಿಜಾರು. ಅವರು ಅಳೆದಿರುವುದು ನೆಲವನ್ನು, ನಾನು ಮಲಗುವುದು ನಾಲ್ಕು ಬೆರಳು ಎತ್ತರದ ಗಾಳಿ ಹಾಸಿಗೆಯ ಮೇಲೆ. ಆ ಎತ್ತರಕ್ಕೆ ಬರುವಷ್ಟರಲ್ಲಿ ಎರಡೂ ಕಡೆಯ ಗೋಡೆ ಒಳಗೆ ಬಂದು, 22 ಸೆಂಟಿಮೀಟರ್ ನಮ್ಮೂರ ರಸ್ತೆಗೆ ಮಂಜೂರಾದ ಡಾಂಬರಿನಂತೆ ಮಾಯ.

ಟೆಂಟನ್ನು ಮಲಗಿಯೇ ನೋಡಬೇಕು ಅಂತ ಅಂಗಡಿಯ ಹುಡುಗನಿಂದ ಅಲ್ಲೇ ಕಟ್ಟಿಸಿದೆ. ಮಲಗಿದೆ. ಗಿರಾಕಿಗಳು ನನ್ನ ಕಾಲು ದಾಟಿಕೊಂಡು ಓಡಾಡಿದರು. ಹುಡುಗ ಒಂದು ಗಳಿಗೆ ನೋಡಿ, "ಪೋಲೆ ಸಾನಾ" ಅಂದ. ಸ್ವಾಹಿಲಿಯಲ್ಲಿ ಇದು ಎಡವಿದವನಿಗೂ ಹೇಳುವ ಮಾತು, ಸಾವಿನ ಮನೆಯಲ್ಲೂ ಹೇಳುವ ಮಾತು. ನನಗೆ ಯಾವ ಅರ್ಥದಲ್ಲಿ ಹೇಳಿದನೋ.

ದೊಡ್ಡದನ್ನೇ ತಗೋ ಅನ್ನುತ್ತೀರಿ. ಹೊರುವವನು ನಾನು. ಮೌಂಟ್ ಕೆನ್ಯಾದಲ್ಲಿ ಶಿಪ್ಟನ್ ಕ್ಯಾಂಪ್ ಇರುವ 4,200 ಮೀಟರಿಗೆ ಹೋಗುವಷ್ಟರಲ್ಲಿ ಬೆನ್ನ ಮೇಲಿನ ಕಾಲು ಕಿಲೋ ಬೀಸುವ ಕಲ್ಲಾಗಿರುತ್ತದೆ. ಅದಕ್ಕೇ ಒಂದು ಕಿಲೋ ಆಸುಪಾಸಿನ ಟೆಂಟಿಗೆ ಜನ ಮುಗಿಬೀಳುವುದು. ಇಲ್ಲಿ ವ್ಯಾಪಾರವೇ ಉಲ್ಟಾ. ತೂಕ ಇಳಿದಂತೆ ಬೆಲೆ ಏರುತ್ತದೆ, ಚಿಕ್ಕಪೇಟೆಯ ಬಂಗಾರದಂಗಡಿಯವರು ಕೇಳಿದರೆ ಮೂರ್ಛೆ ಹೋದಾರು. ಕಂಬಗಳನ್ನೂ ಕೈಬಿಟ್ಟು, ನಡೆಯುವ ಕೋಲನ್ನೇ ಕಂಬ ಮಾಡಿಕೊಳ್ಳುವ ಟೆಂಟುಗಳಿವೆ. ಬಟ್ಟೆಯಲ್ಲೂ ಜಾತಿಭೇದ. ನೈಲಾನ್ ನೀರು ಕುಡಿದು ಜೋಲುತ್ತದೆ, ಪಾಲಿಯೆಸ್ಟರ್ ಅಷ್ಟಾಗಿ ಜೋಲುವುದಿಲ್ಲ. ಗಿಡ್ಡ ಇರುವವರಿಗೆ ಇದು ಬರೀ ಮಾಹಿತಿ. ಮೂಗಿನ ತುದಿಗೂ ಸೂರಿಗೂ ನಾಲ್ಕೇ ಬೆರಳು ಉಳಿದಿರುವ ನನಗೆ ಜೀವನ್ಮರಣದ ಪ್ರಶ್ನೆ.

ಮನೆಯಲ್ಲಿ ಇವಳು ಹಾಲಿನ ನೆಲದ ಮೇಲೆ ನನ್ನನ್ನು ಮಲಗಿಸಿ ಸುತ್ತ ರಂಗೋಲಿ ಪುಡಿಯಲ್ಲಿ ಗೆರೆ ಎಳೆದಳು. ನಾಗಮಂಡಲದ ನಡುವಿನ ನಾಗಪ್ಪನಂತೆ ಅಲ್ಲಾಡದೆ ಇದ್ದೆ.

"ರೀ, ತ್ಸಾವೋ ಸಿಂಹಗಳ ಕತೆ ಗೊತ್ತು ತಾನೆ?" ಅಂದಳು ಟೇಪು ಹಿಡಿದುಕೊಂಡೇ.

ಗೊತ್ತಿಲ್ಲದೆ ಏನು. ಈ ಊರು ಹುಟ್ಟಿದ್ದೇ ಟೆಂಟಿನಲ್ಲಿ. ಮೊಂಬಾಸಾದಿಂದ ಹೊರಟ ರೈಲು ಹಳಿ 1899ರಲ್ಲಿ ಇಲ್ಲಿಗೆ ಮುಟ್ಟಿ, ಡೇರೆ ಹಾಕಿ ಕೂತ ಜಾಗವೇ ಇವತ್ತಿನ ನೈರೋಬಿ. ಹಳಿ ಹಾಕಲು ನಮ್ಮ ದೇಶದಿಂದ 30 ಸಾವಿರಕ್ಕೂ ಹೆಚ್ಚು ಕೂಲಿಗಳು ಬಂದಿದ್ದರು. ಅದರ ಹಿಂದಿನ ವರ್ಷ ತ್ಸಾವೋ ಸೇತುವೆಯ ಹತ್ತಿರ ಕೇಸರವಿಲ್ಲದ ಎರಡು ಗಂಡು ಸಿಂಹಗಳು ರಾತ್ರಿ ಹೊತ್ತು ಡೇರೆಗೆ ನುಗ್ಗಿ ಜನರನ್ನು ಎಳೆದೊಯ್ದವು. ಎರಡೂ ಈಗ ಚಿಕಾಗೋದ ಮ್ಯೂಸಿಯಮ್ಮಿನಲ್ಲಿ ಬೊಂಬೆಗಳಾಗಿ ಉಳಿದಿವೆ.

"ಕಾಲು ಹೊರಗೆ ಇದ್ದವರನ್ನೇ ಎಳೆದಿರಬೇಕು," ಅಂದು ಟೇಪು ಸುತ್ತಿಟ್ಟಳು.

ಕೊನೆಗೆ ಕೈಹಿಡಿದದ್ದು ಹೈಸ್ಕೂಲಿನ ಗಣಿತ. ಇಬ್ಬರ ಟೆಂಟೊಂದು ಒಂದೂವರೆ ಕಿಲೋಗೆ ಸಿಕ್ಕಿತು. ಉದ್ದ 220, ಅಗಲ 130. ನೇರ ಮಲಗಿದರೆ ಅದೇ ಗೋಳು. ಮೂಲೆಯಿಂದ ಮೂಲೆಗೆ ಮಲಗಿದರೆ? ಪೈಥಾಗೊರಸ್ 255 ಅಂದ. ಕುಣಿದಾಡಿಕೊಂಡು ಮನೆಗೆ ತಂದೆ. ಇವಳು ಚೀಟಿ ಓದಿ, "ಇಬ್ಬರದಾ? ಹಾಗಾದ್ರೆ ನಾನೂ ಬರ್ತೀನಿ" ಅಂದಳು.

ಮತ್ತೆ ಅದೇ ನೈವಾಶಾ. ದಡದುದ್ದಕ್ಕೆ ನೀರಾನೆಗೆ ವಿದ್ಯುತ್ ಬೇಲಿ ಇದ್ದ ಜಾಗವನ್ನೇ ಈ ಸಲ ಹುಡುಕಿದ್ದೆವು. ಇವಳು ನಟ್ಟನಡುವೆ ನೇರವಾಗಿ ಮಲಗಿದಳು. ಕರ್ಣರೇಖೆ ಅಲ್ಲಿಗೆ ಮುಗಿಯಿತು. ಮಧ್ಯರಾತ್ರಿ ತಡೆಯಲಾರದೆ ಜಿಪ್ಪು ಸರಿಸಿ ಎರಡೂ ಕಾಲನ್ನು ಹೊರಗೆ ಚಾಚಿದೆ. ಸ್ವರ್ಗ.

ಎಷ್ಟು ಹೊತ್ತಾಗಿತ್ತೋ, ಯಾವುದೋ ನನ್ನ ಪಾದ ಹಿಡಿದು ಎಳೆಯಿತು. ಬಾಯಿಂದ ಸ್ವರ ಹೊರಡಲಿಲ್ಲ. ಚಿಕಾಗೋದಲ್ಲಿರುವುದು ಎರಡೇ ಎರಡು, ಉಳಿದವು ಇಲ್ಲೇ ಇವೆ ಎಂಬುದು ಆಗ ಹೊಳೆಯಿತು. ಇವಳನ್ನು ಎಬ್ಬಿಸೋಣವೆಂದರೆ ಕೈಯೂ ಏಳಲಿಲ್ಲ. ಆಮೇಲೆ ಪಾದದ ಸುತ್ತ ಏನೋ ಬೆಚ್ಚಗೆ ಸುತ್ತಿಕೊಂಡಿತು.

ಮೆಲ್ಲಗೆ ಕತ್ತೆತ್ತಿ ನೋಡಿದೆ. ಮಸಾಯಿ ಕಾವಲುಗಾರ, ನನ್ನಷ್ಟೇ ಉದ್ದದ ಆಸಾಮಿ, ತನ್ನ ಕೆಂಪು ಹೊದಿಕೆ, ಶೂಕಾ, ತೆಗೆದು ನನ್ನ ಮೊಣಕಾಲ ತನಕ ಹೊದಿಸಿ ಅಂಚು ಸಿಕ್ಕಿಸುತ್ತಿದ್ದ.

"ಬರೀದಿ, ಬ್ವಾನಾ," ಅಂದ. ಚಳಿ ಸ್ವಾಮಿ.