ಚಾಕೊಲೇಟ್ ರಕ್ಷಣಾ ಮೀಮಾಂಸೆ: ತುಮಕೂರು, ಕುಣಿಗಲ್, ಗುಬ್ಬಿ ಪಂಥಗಳ ತೌಲನಿಕ ಅಧ್ಯಯನ

ಪೀಠಿಕೆ: 1986ರಲ್ಲಿ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆದ ಮೇಲೆ ಅಡಿಕೆ ತೋಟದ ನೆರಳಲ್ಲಿ ಬೆಳೆದ ಕೋಕೋಗೆ ಒಂದು ನೆಲೆ ಸಿಕ್ಕಿತು. ಘಟ್ಟ ಹತ್ತಿ ನಮ್ಮ ಸೀಮೆಯ ಅಡುಗೆಮನೆಗೆ ಬಂದ ಚಾಕೊಲೇಟಿಗೆ ಮಾತ್ರ ನೆಲೆಯಿಲ್ಲ. ಅಟ್ಟದ ಮೇಲೆ ತಿಂಗಳುಗಟ್ಟಲೆ ಕೊಬ್ಬರಿ ಕಾಯುವ ಕಲ್ಪತರು ನಾಡಿನ ವಿದ್ವತ್ತು ಇಲ್ಲೇಕೆ ಸೋತಿತೆಂಬುದೇ ಈ ಪ್ರಬಂಧದ ಜಿಜ್ಞಾಸೆ.

ಪೂರ್ವಪಕ್ಷ: ಕೋಕೋ ಬೆಣ್ಣೆಗೆ ಆರು ಹರಳು ರೂಪಗಳು. ಹೊಳೆಯುವ, ಮುರಿದರೆ ಟಕ್ಕೆನ್ನುವ ಐದನೆಯ ರೂಪ ಸುಮಾರು 34 ಡಿಗ್ರಿಗೆ ಕರಗುತ್ತದೆ. ಏಪ್ರಿಲ್ ಮಧ್ಯಾಹ್ನ ತುಮಕೂರು ಆ ಗಡಿಯನ್ನು ಲೀಲಾಜಾಲವಾಗಿ ದಾಟುತ್ತದೆ. ಕರಗಿ ಮತ್ತೆ ಗಟ್ಟಿಯಾದದ್ದರ ಮೈಗೆ ಬೂದು ಪದರ ಬರುತ್ತದೆ. ಅಜ್ಜಿಯರು ಅದನ್ನು ಬೂಷ್ಟೆಂದು ತಿಪ್ಪೆಗೆ ಎಸೆಯುತ್ತಾರೆ. ಅದು ಮೇಲೆದ್ದ ಕೊಬ್ಬಷ್ಟೆ. ಕೇಕಿಗೆ ಕರಗಿಸಿದರೆ ದೋಷವಿಲ್ಲ.

ತುಮಕೂರಿನ ಶೈತ್ಯವಾದಿಗಳಿಗೆ ಫ್ರಿಜ್ಜೇ ಪ್ರಮಾಣ. ಆದರೆ ಅಲ್ಲಿ ತಟ್ಟೆ ಇಡ್ಲಿ ಹಿಟ್ಟು, ಅರ್ಧ ಹೆಚ್ಚಿದ ಈರುಳ್ಳಿ, ಮಲ್ಲಿಗೆ ದಂಡೆ ಮೊದಲೇ ಬೀಡುಬಿಟ್ಟಿರುತ್ತವೆ. ಕೊಬ್ಬು ವಾಸನೆ ಹೀರುವುದರಿಂದ ಈ ಪಂಥದ ಬ್ರೌನಿಗೆ ಮದುವೆಮನೆಯ ಘಮ. ತಣ್ಣನೆಯ ಡಬ್ಬಿಯನ್ನು ಹೊರಗಿಟ್ಟ ಕೂಡಲೇ ತೆರೆದರೆ ಚಾಕೊಲೇಟು ಬೆವರುತ್ತದೆ, ಮೇಲಿನ ಸಕ್ಕರೆ ಕರಗಿ ಬಿಳಿ ಕಲೆಯಾಗುತ್ತದೆ. ಆದ್ದರಿಂದ ಗಾಳಿಯಾಡದ ಡಬ್ಬಿ ಇರಬೇಕು, ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ಮುಟ್ಟಬಾರದು ಎಂಬುದು ವಿಧಿ. ಮಕ್ಕಳಿರುವ ಮನೆಯಲ್ಲಿ ಈ ವಿಧಿ ನಡೆದದ್ದಕ್ಕೆ ಪುರಾವೆ ಸಿಕ್ಕಿಲ್ಲ.

ಕುಣಿಗಲ್ಲಿನವರು ಜಲವಾದಿಗಳು, ದೊಡ್ಡ ಕೆರೆಯಿರುವ ಊರಿಗೆ ಅದು ಸಹಜ. ಒದ್ದೆ ಮರಳಿನ ಮೇಲೆ ಮಡಕೆ, ಮಡಕೆಯೊಳಗೆ ಚಾಕೊಲೇಟಿನ ಜೊತೆ ಕೇಕಿನ ಉಳಿದ ಸಾಮಾನು. ತಂಪೇನೋ ಸಿಗುತ್ತದೆ, ಬೆನ್ನಿಗೇ ತೇವವೂ. ತೇವ ತಗುಲಿದ ಬೇಕಿಂಗ್ ಪೌಡರು ತನ್ನ ಅನಿಲವನ್ನೆಲ್ಲ ಡಬ್ಬಿಯಲ್ಲೇ ದಾನಮಾಡಿ ಒವನ್ ಹೊತ್ತಿಗೆ ವಿರಕ್ತವಾಗುತ್ತದೆ. ಕೇಕು ದೋಸೆಯಾಗುತ್ತದೆ.

ಗುಬ್ಬಿಯವರು ವೇಷವಾದಿಗಳು. 1884ರಲ್ಲೇ ನಾಟಕ ಕಂಪನಿ ಕಟ್ಟಿದ, ಮುಂದೆ ನಟ ಗುಬ್ಬಿ ವೀರಣ್ಣನವರನ್ನು ಕೊಟ್ಟ ಊರು. ಚಾಕೊಲೇಟಿಗೂ ಬಣ್ಣ ಹಚ್ಚದೆ ಬಿಟ್ಟೀತೆ? ಮಕ್ಕಳ ಕಣ್ಣು ತಪ್ಪಿಸಲು ಚಾಕೊಲೇಟ್ ಚಿಪ್ಸನ್ನು ಕರಿಮೆಣಸಿನ ಡಬ್ಬಿಗೆ ತುಂಬುತ್ತಾರೆ. ಪಾತ್ರ ಎಷ್ಟು ಚೆನ್ನಾಗಿ ಕೂಡುತ್ತದೆಂದರೆ, ಕರೆಂಟು ಹೋದ ಸಂಜೆ ಸಾರಿನ ಪುಡಿಗೆಂದು ಅತ್ತೆ ಒಂದು ಹಿಡಿ ಬಾಣಲೆಗೆ ಸುರಿದು ಸೌಟಾಡಿಸುತ್ತಾರೆ. ಧನಿಯ, ಜೀರಿಗೆ, ಒಣಮೆಣಸಿನಕಾಯಿ ಎಲ್ಲ ಒಂದೇ ಉಂಡೆಯಾದಾಗ ವೇಷ ಕಳಚುತ್ತದೆ.

ಸಿದ್ಧಾಂತ: ಮೂರೂ ಪಂಥಗಳು ಡಬ್ಬಿಯನ್ನು ವಿಚಾರಿಸಿದವು, ಸಕ್ಕರೆಯನ್ನು ವಿಚಾರಿಸಲಿಲ್ಲ. ಇರುವೆ, ತೇವ, ಮಗು ಮೂವರೂ ಬರುವುದು ಸಕ್ಕರೆಗಾಗಿ. ಸಕ್ಕರೆಯಿಲ್ಲದ ಕೋಕೋ ಪುಡಿಯನ್ನು ಮಗು ಒಮ್ಮೆ ನೆಕ್ಕಿ ಜನ್ಮಕ್ಕೆ ಸಾಕೆನ್ನುತ್ತದೆ, ಇರುವೆ ಮೂಸುವುದಿಲ್ಲ, 34 ಡಿಗ್ರಿಗೆ ಪುಡಿ ಹರಿದುಹೋಗುವುದೂ ಇಲ್ಲ. ಬಿಗಿ ಮುಚ್ಚಳ, ಒಣ ಕಪಾಟು ಇದ್ದರೆ ಸಾಕು. ಹೀಗಾಗಿ ಹುಟ್ಟುಹಬ್ಬದ ಹಿಂದಿನ ರಾತ್ರಿ ಈ ಮೂರೂ ಊರುಗಳ ಮನೆಗಳಲ್ಲಿ ಉಳಿದಿರುವುದು ಅದೊಂದೇ, ಮತ್ತು ಚಾಕೊಲೇಟ್ ಕೇಕೆಂದು ನಾವೆಲ್ಲ ಚಪ್ಪಾಳೆ ತಟ್ಟಿ ತಿನ್ನುವುದೂ ಅದನ್ನೇ.